ಪತ್ರ ತಲುಪಿಸುವ ಹೊಣೆ ಯಾರದು?

2006ರ ಜುಲೈ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಜಡಿಮಳೆ. ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ ತಂದೆ ಮತ್ತು ಮಗಳು ನಮ್ಮ ಟ್ರಸ್ಟಿನ ಕಚೇರಿಯೊಳಗೆ ಬಂದರು. ತಂದೆ ಮಂಗಳೂರಿನ ದಕ್ಕೆಯಲ್ಲಿ ಮೀನು ಇಳಿಸುವ ಕೆಲಸ ಮಾಡುವವರು. ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ವಿದ್ಯಾರ್ಥಿವೇತನಕ್ಕೆಂದು ನಮ್ಮಲ್ಲಿ ಅರ್ಜಿ ಹಾಕಿದ್ದಳು.

'ಸರ್, ಇಂಟರ್‌ವ್ಯೂ ಯಾವಾಗ?' ಎಂದು ಆಕೆ ಕೇಳಿದಳು.

ಸಂದರ್ಶನ ಮುಗಿದು ನಾಲ್ಕು ದಿನ ಕಳೆದಿತ್ತು. ಆಯ್ಕೆಯಾದವರ ಪಟ್ಟಿಗೆ ಸಹಿಯೂ ಬಿದ್ದಿತ್ತು. 'ನಿಮಗೆ ಇ-ಮೇಲ್ ಕಳಿಸಿದ್ದೇವಲ್ಲಮ್ಮಾ' ಎಂದೆವು. ಆಕೆ ವಾದ ಮಾಡಲಿಲ್ಲ. ದಿನ ಬಿಟ್ಟು ದಿನ ಸೈಬರ್ ಕೆಫೆಗೆ ಹೋಗಿ, ದುಡ್ಡು ಕೊಟ್ಟು ನೋಡಿದ್ದೇನೆ, ಏನೂ ಬಂದಿಲ್ಲ ಎಂದಷ್ಟೇ ಹೇಳಿದಳು. ತಂದೆ ಒಮ್ಮೆ ನಮ್ಮ ಮುಖ ನೋಡಿದರು, ಒಮ್ಮೆ ಮೇಜಿನ ಮೇಲಿದ್ದ ಕಂಪ್ಯೂಟರನ್ನು ನೋಡಿದರು. 'ಪೋಸ್ಟಿನಲ್ಲಿ ಹಾಕಿದ್ದರೆ ಬರುತ್ತಿತ್ತೋ ಏನೋ' ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಆದ್ದರಿಂದಲೇ ಇರಬೇಕು, ಆ ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಅವರು ಹೋದ ಮೇಲೆ ನಾವಿಬ್ಬರೂ ಕಂಪ್ಯೂಟರಿನ ಮುಂದೆ ಕುಳಿತೆವು. ಕಳಿಸಿದ ಪತ್ರಗಳ ಪಟ್ಟಿಯಲ್ಲಿ ಆಕೆಯ ಹೆಸರು ಇತ್ತು. ಹಾಗಾದರೆ ಪತ್ರ ಎಲ್ಲಿ ಹೋಯಿತು? ಹುಡುಕುತ್ತಾ ಹುಡುಕುತ್ತಾ ಕೊನೆಗೆ 'ರೂಟ್' ಎಂಬ ಹೆಸರಿನ ಅಂಚೆಪೆಟ್ಟಿಗೆ ತೆರೆದೆವು. ಲಿನಕ್ಸ್ ವ್ಯವಸ್ಥೆಯಲ್ಲಿ ಯಜಮಾನನ ಖಾತೆಗೆ ಇರುವ ಹೆಸರದು. ಅದನ್ನು ನಾವು ಅಲ್ಲಿಯವರೆಗೆ ಒಮ್ಮೆಯೂ ತೆರೆದಿರಲಿಲ್ಲ. ಒಳಗೆ ನೂರಾರು ಪತ್ರಗಳು ರಾಶಿ ಬಿದ್ದಿದ್ದವು. ಎಲ್ಲವೂ ಮರಳಿ ಬಂದವುಗಳು. ಪ್ರತಿಯೊಂದರ ಮೇಲೂ 550 ಎಂಬ ಸಂಖ್ಯೆ, ಜೊತೆಗೆ ಒಂದೇ ಒಕ್ಕಣೆ: ನಿಮ್ಮ ಯಂತ್ರ ಕಪ್ಪುಪಟ್ಟಿಯಲ್ಲಿದೆ, ನಿಮ್ಮ ಪತ್ರವನ್ನು ಸ್ವೀಕರಿಸುವುದಿಲ್ಲ.

ತಪ್ಪು ಯಾರದು? ಯಂತ್ರದ್ದೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ತಪ್ಪು ನಮ್ಮದಾಗಿತ್ತು.

2005ರಲ್ಲಿ ಊರಿಗೆ ಬ್ರಾಡ್‌ಬ್ಯಾಂಡ್ ಬಂದಾಗ ನಮಗೆ ಎಲ್ಲಿಲ್ಲದ ಉತ್ಸಾಹ. ಒಂದು ಹಳೆಯ ಪೆಂಟಿಯಮ್ ಯಂತ್ರಕ್ಕೆ ಲಿನಕ್ಸ್ ಹಾಕಿ, ಟ್ರಸ್ಟಿನದೇ ಹೆಸರಿನಲ್ಲಿ ವಿಳಾಸ ಕೊಂಡು, ನಮ್ಮದೇ ಅಂಚೆಕಚೇರಿ ತೆರೆದೆವು. ಲಿನಕ್ಸಿನ ಸಿಡಿಯಲ್ಲೇ 'ಸೆಂಡ್‌ಮೇಲ್' ಎಂಬ ತಂತ್ರಾಂಶವಿತ್ತು. ಇದ್ದುದನ್ನೇ ಬಳಸಿದೆವು. ಅಂದರೆ ನಾವು ಅದನ್ನು ಆರಿಸಿಕೊಂಡದ್ದಲ್ಲ, ಅದೇ ಬಂದು ಕುಳಿತದ್ದು. ಕೆಲವು ತಿಂಗಳು ಎಲ್ಲವೂ ಸರಿಯಾಗಿತ್ತು. ಅಷ್ಟರಲ್ಲಿ ಜಿದ್ದಾದಲ್ಲಿರುವ ನಮ್ಮ ಟ್ರಸ್ಟಿಯೊಬ್ಬರು ಫೋನ್ ಮಾಡಿದರು. ತಾವು ಅಲ್ಲಿಂದಲೇ ಟ್ರಸ್ಟಿನ ವಿಳಾಸದಲ್ಲಿ ಪತ್ರ ಕಳಿಸಬೇಕು, ಆದರೆ ನಮ್ಮ ಯಂತ್ರ ಬಿಡುತ್ತಿಲ್ಲ ಎಂದರು. ಎಲ್ಲೋ ಓದಿದ ಒಂದು ಸಾಲನ್ನು ನಾವು ಸೆಂಡ್‌ಮೇಲಿನ ಕಡತಕ್ಕೆ ಸೇರಿಸಿದೆವು. ಅವರ ಪತ್ರ ಹೋಯಿತು. ಅವರೂ ಖುಷಿ, ನಾವೂ ಖುಷಿ.

ಆ ಸಾಲಿನ ಅರ್ಥ ಇಷ್ಟೇ: ಯಾರು ಬಂದರೂ, ಎಲ್ಲಿಂದ ಬಂದರೂ, ಯಾರ ಹೆಸರಿಗಾದರೂ ಪತ್ರ ಕೊಟ್ಟರೆ ತೆಗೆದುಕೊಂಡು ತಲುಪಿಸು. ಇದಕ್ಕೆ 'ಓಪನ್ ರಿಲೇ' ಎನ್ನುತ್ತಾರೆ. ಒಂದು ಕಾಲದಲ್ಲಿ ಅಂತರ್ಜಾಲದ ಹೆಚ್ಚಿನ ಯಂತ್ರಗಳು ಹಾಗೆಯೇ ಇದ್ದವು. ನೆರೆಯವನ ಪತ್ರವನ್ನು ದಾಟಿಸುವುದು ಉಪಕಾರ ಎಂದು ಭಾವಿಸಿದ್ದ ಕಾಲವದು. ಕಸದಂಚೆ ಕಳಿಸುವವರು ಆ ಉಪಕಾರವನ್ನು ದುರುಪಯೋಗಪಡಿಸಿದರು. 1998ರಲ್ಲಿ ಬಂದ ಸೆಂಡ್‌ಮೇಲಿನ 8.9ನೇ ಆವೃತ್ತಿಯಲ್ಲಿ ಆ ಬಾಗಿಲನ್ನು ಮೊದಲೇ ಮುಚ್ಚಿ ಕೊಡುವ ಕ್ರಮ ಬಂತು. ಬಾಗಿಲು ಮುಚ್ಚಿ ಕೊಟ್ಟವರು ಅವರು, ತೆರೆದವರು ನಾವು. ಕೆಲವೇ ದಿನಗಳಲ್ಲಿ ಎಲ್ಲಿಯವರೋ ನಮ್ಮ ಯಂತ್ರವನ್ನು ಪತ್ತೆ ಹಚ್ಚಿ ಔಷಧಿ, ಲಾಟರಿಗಳ ಕಸದಂಚೆಯನ್ನು ಸಾವಿರಗಟ್ಟಲೆ ಸಾಗಿಸಿದರು. ಜಗತ್ತಿನ ಕಣ್ಣಿಗೆ ಆ ಕಸವೆಲ್ಲ ಬಂದದ್ದು ಒಂದು ಶಿಕ್ಷಣ ಟ್ರಸ್ಟಿನಿಂದ! ಕಪ್ಪುಪಟ್ಟಿಗೆ ಸೇರದೆ ಇನ್ನೇನಾದೀತು?

ಅದೇ ಸಂಜೆ ನಮ್ಮ ಲೆಕ್ಕಪತ್ರ ನೋಡುವ ಹಿರಿಯರಲ್ಲಿ ಎಲ್ಲವನ್ನೂ ಹೇಳಿಕೊಂಡೆವು. ಅವರು ಅಂಚೆ ಇಲಾಖೆಯಲ್ಲಿ ಮೂರು ದಶಕ ದುಡಿದು ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದವರು. ಎಲ್ಲರೂ ಅವರನ್ನು ಮಾಸ್ಟ್ರು ಎಂದೇ ಕರೆಯುತ್ತಿದ್ದರು. ಕಂಪ್ಯೂಟರ್ ಮುಟ್ಟಿದವರಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ.

'ಅಲ್ಲ ಮಾರಾಯ್ರೇ, ತಲುಪದ ಕಾಗದ ಯಾರ ಕೈಗೆ ಬರುತ್ತದೆ ನಿಮ್ಮಲ್ಲಿ?'

ನಮ್ಮಲ್ಲಿ ಉತ್ತರವಿರಲಿಲ್ಲ.

'ನಮ್ಮಲ್ಲಿ ಅದಕ್ಕೆಂದೇ ಆಫೀಸು ಇದೆ, ಆರ್.ಎಲ್.ಒ. ಎಂದು. ವಿಳಾಸದಾರನೂ ಸಿಗದೆ, ಕಳಿಸಿದವನೂ ಸಿಗದೆ ಉಳಿದ ಕಾಗದ ಅಲ್ಲಿಗೆ ಹೋಗುತ್ತದೆ. ಕಾಗದ ಕೈಗೆ ತೆಗೆದುಕೊಂಡ ಮೇಲೆ ಕಳೆದುಹೋಯಿತು ಎನ್ನುವಂತಿಲ್ಲ' ಎಂದರು ಮಾಸ್ಟ್ರು.

ಈ ಮಾತು ಇ-ಮೇಲಿಗೂ ಅನ್ವಯಿಸುತ್ತದೆ ಎಂದು ನಮಗೆ ತಿಳಿದದ್ದು ಆಮೇಲೆ ಪುಸ್ತಕ ಹಿಡಿದು ಕುಳಿತಾಗ. ಎರಡು ಅಂಚೆಯಂತ್ರಗಳು ಮಾತಾಡಿಕೊಳ್ಳುವ ಭಾಷೆಯ ಹೆಸರು ಎಸ್ಎಂಟಿಪಿ. ಜಾನ್ ಪೋಸ್ಟೆಲ್ ಅವರು 1982ರಲ್ಲಿ ಅದರ ನಿಯಮಗಳನ್ನು ಬರೆದರು. ಸಂಭಾಷಣೆ ಬಹಳ ಸರಳ. ಬಂದವನು ತನ್ನ ಪರಿಚಯ ಹೇಳುತ್ತಾನೆ. ಪತ್ರ ಯಾರಿಂದ, ಯಾರಿಗೆ ಎನ್ನುತ್ತಾನೆ. ಪತ್ರವನ್ನು ಓದಿ ಒಪ್ಪಿಸಿ, ಕೊನೆಯ ಸಾಲಿನಲ್ಲಿ ಒಂದೇ ಒಂದು ಚುಕ್ಕಿ ಇಡುತ್ತಾನೆ. ಪಡೆದವನು 250 ಎಂದರೆ ಸ್ವೀಕೃತ ಎಂದರ್ಥ. 4ರಿಂದ ಆರಂಭವಾಗುವ ಸಂಖ್ಯೆ ಹೇಳಿದರೆ 'ಈಗ ಆಗದು, ಮತ್ತೆ ಬಾ' ಎಂದು. 5ರಿಂದ ಆರಂಭವಾದರೆ 'ಆಗುವುದೇ ಇಲ್ಲ' ಎಂದು. ಈ 250 ಎಂಬುದು ಬರೀ ಸಂಖ್ಯೆಯಲ್ಲ, ಅದೊಂದು ಮಾತು ಕೊಟ್ಟಂತೆ. ಆ ಕ್ಷಣದಿಂದ ಪತ್ರದ ಹೊಣೆ ಕಳಿಸಿದವನ ಹೆಗಲಿಂದ ಪಡೆದವನ ಹೆಗಲಿಗೆ ಬರುತ್ತದೆ. ಆಮೇಲೆ ವಿದ್ಯುತ್ ಹೋಯಿತು, ಯಂತ್ರ ಕೆಟ್ಟಿತು ಎಂಬ ನೆಪ ಹೇಳಿ ಪತ್ರ ಕಳೆಯುವಂತಿಲ್ಲ. ಒಂದೋ ತಲುಪಿಸಬೇಕು, ಇಲ್ಲವೇ ತಲುಪಲಿಲ್ಲವೆಂದು ಕಳಿಸಿದವನಿಗೆ ತಿಳಿಸಬೇಕು.

ನಮ್ಮ ಸೆಂಡ್‌ಮೇಲ್ ತಿಳಿಸಿತ್ತು. ನಾವು ಪೆಟ್ಟಿಗೆ ತೆರೆದಿರಲಿಲ್ಲ.

ಹಾಗಾದರೆ ತಂತ್ರಾಂಶ ಬದಲಿಸುವ ಅಗತ್ಯವೇನಿತ್ತು? ಈ ಪ್ರಶ್ನೆ ನಮ್ಮೊಳಗೂ ಎದ್ದಿತು. ಉತ್ತರವೂ ಹೊಳೆಯಿತು: ನಾವು ಓದಲಾಗದ ಭಾಷೆಯಲ್ಲಿ ಬರೆದ ಕಾಗದಕ್ಕೆ ಸಹಿ ಹಾಕಿದ್ದೆವು. ಇನ್ನು ಮುಂದೆ ನಮಗೆ ಅರ್ಥವಾಗುವುದನ್ನೇ ಇಟ್ಟುಕೊಳ್ಳಬೇಕು. ನಾಲ್ಕು ತಂತ್ರಾಂಶಗಳ ವಿಷಯ ಓದಿಕೊಂಡು ಒಂದೊಂದನ್ನೂ ಮಾಸ್ಟ್ರ ಮುಂದಿಟ್ಟೆವು. ಅವರು ಚಹಾ ಕುಡಿಯುತ್ತಾ ಅಂಚೆಕಚೇರಿಯ ಲೆಕ್ಕದಲ್ಲೇ ತೂಗಿ ನೋಡಿದರು.

ಮೊದಲನೆಯದು ಸೆಂಡ್‌ಮೇಲ್. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್‌ಮನ್ ಎಂಬವರು ಬರೆದದ್ದು. 1980ರ ದಶಕದ ಆರಂಭದಲ್ಲಿ ಒಂದೊಂದು ಜಾಲಕ್ಕೆ ಒಂದೊಂದು ಬಗೆಯ ವಿಳಾಸವಿತ್ತು. ಒಂದರ ಪತ್ರವನ್ನು ಇನ್ನೊಂದಕ್ಕೆ ದಾಟಿಸಬೇಕಾದರೆ ವಿಳಾಸವನ್ನೇ ತಿರುಗಿಸಿ ಬರೆಯಬೇಕಿತ್ತು. ಆ ಕೆಲಸಕ್ಕೆಂದು ಸೆಂಡ್‌ಮೇಲಿನಲ್ಲಿ ಒಂದು ಪುಟ್ಟ ಭಾಷೆಯೇ ಹುಟ್ಟಿತು. ಜಾಲಗಳೆಲ್ಲ ಒಂದಾದ ಮೇಲೂ ಆ ಭಾಷೆ ಉಳಿಯಿತು. ಕಡತವನ್ನು ನೋಡಿದರೆ ಡಾಲರ್ ಚಿಹ್ನೆ, ಬಿಂದು, ಆವರಣಗಳ ಗೊಂಡಾರಣ್ಯ. ಅದನ್ನು ವಿವರಿಸುವ, ಬಾವಲಿಯ ಚಿತ್ರದ ಹೊದಿಕೆಯ ಪುಸ್ತಕ ಸಾವಿರ ಪುಟ ಮೀರುತ್ತದೆ. ಮೇಲಾಗಿ ಬಹುಕಾಲ ಅದು ಒಂದೇ ದೊಡ್ಡ ಕಾರ್ಯಕ್ರಮವಾಗಿದ್ದು, ಯಂತ್ರದ ಸರ್ವಾಧಿಕಾರವನ್ನು ಕೈಯಲ್ಲಿಟ್ಟುಕೊಂಡೇ ಕೆಲಸ ಮಾಡುತ್ತಿತ್ತು. 1988ರ ನವೆಂಬರ್‌ನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಹುಳ ಸಾವಿರಾರು ಯಂತ್ರಗಳನ್ನು ಹೊಕ್ಕಿತು. ಅದು ಬಳಸಿದ ದಾರಿಗಳಲ್ಲಿ ಒಂದು, ಸೆಂಡ್‌ಮೇಲಿನಲ್ಲಿ ಮುಚ್ಚದೆ ಬಿಟ್ಟಿದ್ದ ಪರೀಕ್ಷಾ ಬಾಗಿಲು.

'ಒಬ್ಬನೇ ಸ್ಟಾಂಪು ಮಾರುವುದು, ಅವನೇ ಸಾರ್ಟಿಂಗು, ಅವನೇ ಬಟವಾಡೆ, ತಿಜೋರಿಯ ಕೀಲಿಕೈಯೂ ಅವನಲ್ಲೇ. ಮನುಷ್ಯ ಒಳ್ಳೆಯವನೇ ಇರಬಹುದು. ಆದರೆ ಕ್ರಮ ಸರಿಯಲ್ಲ' ಎಂದರು ಮಾಸ್ಟ್ರು.

ಎರಡನೆಯದು ಕ್ಯೂಮೇಲ್. ಗಣಿತಜ್ಞ ಡೇನಿಯಲ್ ಬರ್ನ್‌ಸ್ಟೈನ್ ಅವರು ಸೆಂಡ್‌ಮೇಲಿನ ತೂತುಗಳಿಗೆ ಬೇಸತ್ತು 1995ರಲ್ಲಿ ಬರೆಯಲು ತೊಡಗಿದ್ದು. ಕೆಲಸವನ್ನು ಸಣ್ಣ ಸಣ್ಣ ಕಾರ್ಯಕ್ರಮಗಳಿಗೆ ಹಂಚಿ, ಒಂದು ಇನ್ನೊಂದನ್ನು ನಂಬದಂತೆ ಕಟ್ಟಿದರು. ಭದ್ರತೆಯ ತೂತು ತೋರಿಸಿದವರಿಗೆ 500 ಡಾಲರ್ ಬಹುಮಾನ ಎಂದು ಘೋಷಿಸಿದರು. ಪ್ರತಿ ಪತ್ರಕ್ಕೂ ಪ್ರತ್ಯೇಕ ಕಡತ ಇಡುವ 'ಮೇಲ್‌ಡಿರ್' ಎಂಬ ಕ್ರಮವೂ ಅವರದೇ ಕೊಡುಗೆ. ಹಳೆಯ ಪದ್ಧತಿಯಲ್ಲಿ ಒಬ್ಬರ ಪತ್ರಗಳೆಲ್ಲ ಒಂದೇ ಉದ್ದನೆಯ ಕಡತದಲ್ಲಿರುತ್ತಿದ್ದವು. ಬರೆಯುವಾಗ ಕರೆಂಟ್ ಹೋದರೆ ಕಡತವೇ ಕೆಡುವ ಭಯ. ಕರೆಂಟ್ ಹೋಗುವುದೆಂದರೇನೆಂದು ಕರಾವಳಿಯ ಮಳೆಗಾಲ ಕಂಡವರಿಗೆ ಹೇಳಬೇಕಾಗಿಲ್ಲ.

ಕ್ಯೂಮೇಲ್ ನಮಗೆ ಹಿಡಿಸಿತ್ತು. ಆದರೆ ಅದರ ಕೊನೆಯ ಆವೃತ್ತಿ 1.03 ಬಂದದ್ದು 1998ರಲ್ಲಿ. ಆಮೇಲಿನ ಅಗತ್ಯಗಳಿಗೆಲ್ಲ ಬೇರೆಯವರು ಬರೆದ ತೇಪೆಗಳನ್ನು ನಾವೇ ಹುಡುಕಿ ಹಚ್ಚಬೇಕಿತ್ತು. ತಿದ್ದಿದ ಪ್ರತಿಯನ್ನು ಹಂಚಲು ಆಗ ಅನುಮತಿಯೂ ಇರಲಿಲ್ಲ. 2007ರ ಕೊನೆಗೆ ಬರ್ನ್‌ಸ್ಟೈನ್ ಅದನ್ನು ಸಾರ್ವಜನಿಕ ಸೊತ್ತಾಗಿ ಬಿಟ್ಟುಕೊಟ್ಟರು, ಆದರೆ ಅದು ನಮ್ಮ ಆಯ್ಕೆ ಮುಗಿದ ಮೇಲಿನ ಮಾತು. ಇನ್ನೊಂದು ತೊಡಕೂ ಇತ್ತು. ಮೂಲ ಕ್ಯೂಮೇಲ್, ಅಂಥ ಹೆಸರಿನವರು ನಮ್ಮಲ್ಲಿ ಇದ್ದಾರೋ ಇಲ್ಲವೋ ಎಂದು ಬಾಗಿಲಲ್ಲೇ ವಿಚಾರಿಸದೆ ಪತ್ರ ತೆಗೆದುಕೊಂಡು, ಆಮೇಲೆ 'ಇಲ್ಲ' ಎಂದು ಹಿಂದಿರುಗಿಸುತ್ತಿತ್ತು. ಕಸದಂಚೆಯಲ್ಲಿ ಕಳಿಸಿದವನ ವಿಳಾಸವೂ ಸುಳ್ಳೇ ಇರುವುದರಿಂದ ಆ ಮರುಪತ್ರ ಯಾವುದೋ ನಿರಪರಾಧಿಯ ಮನೆಗೆ ಹೋಗಿ ಬೀಳುತ್ತದೆ. ಒಮ್ಮೆ ಊರಿಗೆಲ್ಲ ಉಪದ್ರ ಕೊಟ್ಟ ನಾವು ಇನ್ನೊಮ್ಮೆ ಆ ದಾರಿ ಹಿಡಿಯುವುದು ಬೇಡವೆನಿಸಿತು.

ಮೂರನೆಯದು ಎಕ್ಸಿಮ್. ಕೇಂಬ್ರಿಜ್ ವಿಶ್ವವಿದ್ಯಾಲಯದ ಫಿಲಿಪ್ ಹೇಜಲ್ ಅವರು 1995ರಲ್ಲಿ ಬರೆದದ್ದು. ಡೆಬಿಯನ್ ಲಿನಕ್ಸ್ ಬಳಸುವವರಿಗೆ ಚಿರಪರಿಚಿತ. ಕಡತ ಓದಿದರೆ ಅರ್ಥವಾಗುತ್ತದೆ. ಯಾವ ಪತ್ರವನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಎಷ್ಟು ಸೂಕ್ಷ್ಮವಾಗಿ ಬೇಕಾದರೂ ಬರೆಯಬಹುದು. ಸಾವಿರಾರು ಜನರ ಖಾತೆ ನೋಡಿಕೊಳ್ಳುವವರಿಗೆ, ನೂರೆಂಟು ನಿಯಮ ಬೇಕಾದವರಿಗೆ ಅದು ಹೇಳಿ ಮಾಡಿಸಿದ್ದು. ಆದರೆ ನಮಗೆ ಬೇಕಿದ್ದುದು ಹನ್ನೆರಡು ಖಾತೆ. ಮೇಲಾಗಿ ಅದೂ ಸೆಂಡ್‌ಮೇಲಿನಂತೆ ಎಲ್ಲವನ್ನೂ ಒಂದೇ ಕಾರ್ಯಕ್ರಮದಲ್ಲಿ ಹೊತ್ತದ್ದು.

ನಾಲ್ಕನೆಯದು ಪೋಸ್ಟ್‌ಫಿಕ್ಸ್. ಐಬಿಎಂ ಸಂಸ್ಥೆಯ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿದ್ದ ನೆದರ್ಲೆಂಡ್ಸ್ ಮೂಲದ ವಿಜ್ಞಾನಿ ವೀಟ್ಸ ವೆನೆಮ ಅವರು 1998ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ್ದು. ಯಂತ್ರಗಳ ಭದ್ರತೆಯಲ್ಲಿನ ಬಿರುಕುಗಳನ್ನು ಹುಡುಕುವ ಕೆಲಸದಲ್ಲಿ ಅವರು ಅದಕ್ಕೂ ಮೊದಲೇ ಹೆಸರಾಗಿದ್ದರು. ಇಲ್ಲಿಯೂ ಕೆಲಸ ಹಂಚಿಕೆಯಾಗಿದೆ. ಬಾಗಿಲಲ್ಲಿ ಪತ್ರ ಪಡೆಯುವವನು ಒಬ್ಬ. ವಿಳಾಸ ಸರಿಪಡಿಸಿ ಚೀಲಕ್ಕೆ ಹಾಕುವವನು ಇನ್ನೊಬ್ಬ. ಸರದಿ ನೋಡುವವನು ಮತ್ತೊಬ್ಬ. ಹೊರಗಿನ ಬಟವಾಡೆಗೆ ಒಬ್ಬ, ಒಳಗಿನ ಬಟವಾಡೆಗೆ ಒಬ್ಬ. ತಲುಪದ ಪತ್ರಕ್ಕೆ ಉತ್ತರ ಬರೆಯಲು ಒಬ್ಬ. ಇವರಲ್ಲಿ ಹೆಚ್ಚಿನವರಿಗೆ ಯಂತ್ರದ ಮೇಲೆ ವಿಶೇಷ ಅಧಿಕಾರವಿಲ್ಲ. ಬಾಗಿಲಲ್ಲಿದ್ದವನನ್ನು ಯಾರಾದರೂ ವಂಚಿಸಿದರೂ ತಿಜೋರಿ ಅವನ ಕೈಯಲ್ಲಿಲ್ಲ. ಪತ್ರವನ್ನು ಡಿಸ್ಕಿಗೆ ಭದ್ರವಾಗಿ ಬರೆದಾದ ಮೇಲೆಯೇ ಅದು 250 ಎನ್ನುತ್ತದೆ, ಮೊದಲಲ್ಲ.

'ಇದು ಹೆಡ್ ಪೋಸ್ಟಾಫೀಸಿನ ಹಾಗೆ ಉಂಟು' ಎಂದರು ಮಾಸ್ಟ್ರು. 'ಆದರೆ ನಿಮಗೆ ಅದರ ಬರಹ ಓದಲಿಕ್ಕೆ ಬರುತ್ತದಾ?'

ಬರುತ್ತಿತ್ತು. ಅದರ ಕಡತದಲ್ಲಿ ಒಂದು ಹೆಸರು, ಸಮ ಚಿಹ್ನೆ, ಅದರ ಬೆಲೆ. ಅಷ್ಟೇ. ನಮ್ಮ ವಿಳಾಸ ಯಾವುದು, ನಮ್ಮ ಕಚೇರಿಯ ಯಂತ್ರಗಳು ಯಾವುವು, ಯಾರ ಪತ್ರ ದಾಟಿಸಬಹುದು, ಇಂಥ ಇಪ್ಪತ್ತು ಸಾಲುಗಳಲ್ಲಿ ನಮ್ಮ ಕೆಲಸ ಮುಗಿಯಿತು. ಇನ್ನೊಂದು ಅನುಕೂಲವೂ ಇತ್ತು. ಪೋಸ್ಟ್‌ಫಿಕ್ಸ್ ತನ್ನದೇ ಒಂದು 'ಸೆಂಡ್‌ಮೇಲ್' ಆಜ್ಞೆಯನ್ನು ಇಟ್ಟುಕೊಂಡಿದೆ. ಹಾಗಾಗಿ ಹಳೆಯದನ್ನು ನಂಬಿಕೊಂಡಿದ್ದ ಬೇರೆ ಕಾರ್ಯಕ್ರಮಗಳಿಗೆ ಮನೆಯ ಯಜಮಾನ ಬದಲಾದದ್ದೇ ತಿಳಿಯಲಿಲ್ಲ.

ಜಿದ್ದಾದ ಟ್ರಸ್ಟಿಯವರ ಬೇಡಿಕೆಗೂ ಸರಿಯಾದ ದಾರಿ ಸಿಕ್ಕಿತು. ಹೊರಗಿನಿಂದ ಬಂದವರು ಹೆಸರು ಮತ್ತು ಗುಪ್ತಪದ ಹೇಳಿದರೆ ಮಾತ್ರ ಅವರ ಪತ್ರ ದಾಟುತ್ತದೆ. ಉಳಿದವರಿಗೆ ಬಾಗಿಲಲ್ಲೇ 'ಇಲ್ಲ'. ಎಲ್ಲರಿಗೂ ಬಾಗಿಲು ತೆರೆಯುವ ಬದಲು ಒಬ್ಬರಿಗೆ ಕೀಲಿಕೈ ಕೊಡಬೇಕಿತ್ತು. ಇಷ್ಟು ಸಣ್ಣ ವಿವೇಕ ನಮಗೆ ಹೊಳೆಯಲು ಒಬ್ಬ ಹುಡುಗಿಯ ವಿದ್ಯಾರ್ಥಿವೇತನ ಬಲಿಯಾಗಬೇಕಾಯಿತು.

ಬದಲಿಸುವಾಗ ಹೆದರಿಕೆಯಿತ್ತು. ನಡುವೆ ಬರುವ ಪತ್ರಗಳು ಕಳೆದರೆ? ಅದಕ್ಕೆ ಪೋಸ್ಟ್‌ಫಿಕ್ಸಿನಲ್ಲಿ 'ಸಾಫ್ಟ್ ಬೌನ್ಸ್' ಎಂಬ ಸಾಲಿದೆ. ಅದನ್ನು ಹಾಕಿಟ್ಟರೆ ನಮ್ಮ ತಪ್ಪಿನಿಂದ ಪತ್ರವೊಂದನ್ನು ತಿರಸ್ಕರಿಸಿದರೂ ಯಂತ್ರ 'ಆಗುವುದೇ ಇಲ್ಲ' ಎನ್ನದೆ 'ಮತ್ತೆ ಬಾ' ಎನ್ನುತ್ತದೆ. ಕಲಿಯುವವರ ತಪ್ಪಿಗೂ ಜಾಗವಿಟ್ಟ ಆ ಒಂದು ಸಾಲು ನಮಗೆ ಬಹಳ ಇಷ್ಟವಾಯಿತು. ಕರೆಂಟ್ ಇಲ್ಲದ ದಿನಗಳಲ್ಲೂ ಪತ್ರ ಕಳೆಯಲಿಲ್ಲ. ಕಳಿಸುವ ಯಂತ್ರಗಳು ನಮ್ಮ ಬಾಗಿಲು ಮುಚ್ಚಿದ್ದು ಕಂಡರೆ ಪತ್ರವನ್ನು ತಮ್ಮಲ್ಲೇ ಇಟ್ಟುಕೊಂಡು, ಸಾಮಾನ್ಯವಾಗಿ ನಾಲ್ಕೈದು ದಿನ, ಮತ್ತೆ ಮತ್ತೆ ಬಂದು ಬಾಗಿಲು ತಟ್ಟುತ್ತವೆ. ಅಂಚೆಯ ಈ ತಾಳ್ಮೆ ನಮಗೆ ಆವರೆಗೆ ಗೊತ್ತೇ ಇರಲಿಲ್ಲ. ಕಪ್ಪುಪಟ್ಟಿಯಿಂದ ಹೊರಬರಲು ಮಾತ್ರ ಹಲವು ವಾರ ಹಿಡಿಯಿತು. ಹೆಸರು ಕೆಡಿಸಿಕೊಳ್ಳುವಷ್ಟು ಬೇಗ ಹೆಸರು ಉಳಿಸಿಕೊಳ್ಳಲಾಗದು ಎಂಬುದು ಯಂತ್ರಗಳ ಲೋಕದಲ್ಲೂ ನಿಜ.

ಎಲ್ಲ ಮುಗಿದ ಮೇಲೆ ಮಾಸ್ಟ್ರ ಮೊದಲ ಪ್ರಶ್ನೆ ಹಾಗೆಯೇ ಉಳಿದಿತ್ತು. ತಲುಪದ ಕಾಗದ ಯಾರ ಕೈಗೆ? ಇ-ಮೇಲಿನ ನಿಯಮಗಳಲ್ಲಿ ಇದಕ್ಕೊಂದು ವ್ಯವಸ್ಥೆಯಿದೆ. ಅಂಚೆ ಪಡೆಯುವ ಪ್ರತಿಯೊಂದು ವಿಳಾಸಕ್ಷೇತ್ರದಲ್ಲೂ 'ಪೋಸ್ಟ್‌ಮಾಸ್ಟರ್' ಎಂಬ ಹೆಸರಿಗೆ ಬಂದ ಪತ್ರವನ್ನು ಸ್ವೀಕರಿಸಲೇಬೇಕು. ಇದನ್ನು ಓದಿ ಹೇಳಿದಾಗ ಮಾಸ್ಟ್ರು ಮನಸಾರೆ ನಕ್ಕರು. 'ನಮ್ಮನ್ನು ಅಲ್ಲಿಯೂ ಬಿಟ್ಟಿಲ್ಲವಾ?' ಎಂದರು. ಆ ಪೆಟ್ಟಿಗೆಯನ್ನು ಅವರಿಗೇ ವಹಿಸಿದೆವು. ರೂಟ್ ಖಾತೆಗೆ ಬರುವುದೂ, ಮರಳಿದ ಪತ್ರಗಳೂ ಅವರ ಪೆಟ್ಟಿಗೆಗೆ ಬೀಳುವಂತೆ ಮಾಡಿದೆವು. ಆ ವಯಸ್ಸಿನಲ್ಲಿ ಅವರು ಮೌಸ್ ಹಿಡಿಯಲು ಕಲಿತರು. ದಿನವೂ ಬೆಳಿಗ್ಗೆ ಬಂದು ಮರಳಿದ ಪ್ರತಿ ಪತ್ರವನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟು, ವಿಳಾಸದಾರರಿಗೆ ಫೋನ್ ಮಾಡುತ್ತಿದ್ದರು. ಫೋನ್ ಇಲ್ಲದಿದ್ದರೆ ಕಾರ್ಡು ಬರೆಯುತ್ತಿದ್ದರು. ನಾವು ಆರಿಸಿದ ಯಾವ ತಂತ್ರಾಂಶಕ್ಕಿಂತಲೂ ಈ ಆಯ್ಕೆಯೇ ಟ್ರಸ್ಟಿಗೆ ಹೆಚ್ಚು ಉಪಕಾರ ಮಾಡಿತು.

ಆ ಹುಡುಗಿಗೆ ಆ ವರ್ಷ ಹಣ ಸಿಗಲಿಲ್ಲ. ಪಟ್ಟಿಯನ್ನು ತಿದ್ದುವುದೆಂದರೆ ಇನ್ನೊಬ್ಬ ಅರ್ಹರ ಹೆಸರು ತೆಗೆಯುವುದು ಎಂದು ಸಮಿತಿ ಹೇಳಿತು, ಅದು ಸರಿಯೂ ಆಗಿತ್ತು. ತಾಯಿಯ ಬಳೆ ಅಡವಿಟ್ಟು ಮೊದಲ ವರ್ಷದ ಫೀಸು ಕಟ್ಟಿದರೆಂದು ಆಮೇಲೆ ತಿಳಿಯಿತು. ಎರಡನೆಯ ವರ್ಷದಿಂದ ವಿದ್ಯಾರ್ಥಿವೇತನ ಸಿಕ್ಕಿತು. ಆದರೆ ಆ ಮೊದಲ ವರ್ಷದ ಲೆಕ್ಕ ನಮ್ಮ ಹೆಸರಿನಲ್ಲೇ ಬಾಕಿ ಉಳಿದಿದೆ.

ಈಗ ಕಾಲ ಬದಲಾಗಿದೆ. ನಾವು ಬಿಟ್ಟ ಎಕ್ಸಿಮ್‌ನಲ್ಲಿ 2019ರಲ್ಲಿ ದೊಡ್ಡ ತೂತು ಕಂಡುಬಂದು ದಾಳಿಗಳು ನಡೆದವು. ಹಾಗೆಂದು ನಮ್ಮ ಆಯ್ಕೆಯೇ ಶ್ರೇಷ್ಠವೆಂದು ಬೀಗುವಂತಿಲ್ಲ. ಪತ್ರದ ಕೊನೆಯ ಚುಕ್ಕಿಯನ್ನು ಗುರುತಿಸುವುದರಲ್ಲಿನ ಸಡಿಲಿನಿಂದಾಗಿ ಒಂದು ಪತ್ರದೊಳಗೆ ಇನ್ನೊಂದನ್ನು ಕದ್ದು ಸಾಗಿಸಬಹುದೆಂದು 2023ರ ಡಿಸೆಂಬರ್‌ನಲ್ಲಿ ಬಯಲಾದಾಗ ಪೋಸ್ಟ್‌ಫಿಕ್ಸ್, ಸೆಂಡ್‌ಮೇಲ್, ಎಕ್ಸಿಮ್ ಮೂರೂ ತಿದ್ದಿಕೊಳ್ಳಬೇಕಾಯಿತು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಕಳಿಸುವವರ ಗುರುತಿನ ಬಗ್ಗೆ ಬಿಗಿ ನಿಯಮ ತಂದಿವೆ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ರುಜುವಾತುಗಳನ್ನು ಹೊಂದಿಸದವರ ಪತ್ರ ಕಸದ ಪೆಟ್ಟಿಗೆಗೆ ಬೀಳುವ ಸಂಭವ ಹೆಚ್ಚು. ಸಣ್ಣ ಕಚೇರಿಯೊಂದು ಬ್ರಾಡ್‌ಬ್ಯಾಂಡಿನ ತುದಿಯಲ್ಲಿ ಸ್ವಂತ ಅಂಚೆ ನಡೆಸುವುದು ಈಗ ಕಷ್ಟ. ನಮ್ಮ ಟ್ರಸ್ಟೂ ಈಗ ಖಾತೆಗಳನ್ನು ಹೊರಗಿನ ಸೇವೆಗೆ ವಹಿಸಿದೆ. ಕಚೇರಿಯ ಯಂತ್ರದಲ್ಲಿ ಪೋಸ್ಟ್‌ಫಿಕ್ಸ್ ಇನ್ನೂ ಇದೆ, ಒಳಗಿನ ಪತ್ರಗಳನ್ನು ಒಟ್ಟುಮಾಡಿ ಆ ಸೇವೆಗೆ ಒಪ್ಪಿಸುವಷ್ಟಕ್ಕೆ.

ಕೆಲವು ಯುವಕರು ನಮ್ಮಲ್ಲಿ ಬಂದು, ಯಾವ ಮೇಲ್ ಸರ್ವರ್ ಒಳ್ಳೆಯದು ಎಂದು ಕೇಳುವುದುಂಟು. ಸಣ್ಣ ವ್ಯವಸ್ಥೆಗಾದರೆ ಪೋಸ್ಟ್‌ಫಿಕ್ಸ್, ನಿಯಮಗಳ ಜಟಿಲತೆ ಇದ್ದರೆ ಎಕ್ಸಿಮ್ ಎಂದು ಹೇಳುತ್ತೇವೆ. ಜೊತೆಗೆ ಮೂರು ಮಾತು ಸೇರಿಸುತ್ತೇವೆ. ನಿಮಗೆ ಓದಲು ಬರುವುದನ್ನೇ ಆರಿಸಿಕೊಳ್ಳಿ. ಅರ್ಥವಾಗದ ಸಾಲನ್ನು ಎಲ್ಲಿಂದಲೋ ತಂದು ಸೇರಿಸಬೇಡಿ. ಮತ್ತು ಮೊದಲ ದಿನವೇ, ಪೋಸ್ಟ್‌ಮಾಸ್ಟರ್ ಎಂಬ ಪೆಟ್ಟಿಗೆಯನ್ನು ಓದುವ ಮನುಷ್ಯ ಯಾರೆಂದು ನಿರ್ಧರಿಸಿ.

ಮಾಸ್ಟ್ರು ಈಗ ನಮ್ಮೊಂದಿಗಿಲ್ಲ. ಅವರ ನೋಟ್ ಪುಸ್ತಕಗಳು ಕಚೇರಿಯ ಕಪಾಟಿನಲ್ಲಿವೆ. ಮೊದಲ ಪುಸ್ತಕದ ಮೊದಲ ಪುಟದಲ್ಲಿ, ಅವರು ಕೆಲಸ ವಹಿಸಿಕೊಳ್ಳುವುದಕ್ಕೆ ಮೊದಲೇ ಮರಳಿದ್ದ ಒಂದು ಪತ್ರದ ವಿವರವಿದೆ. ಆ ಹುಡುಗಿಯ ಹೆಸರು, ವಿಳಾಸ, ತಾರೀಕು. ಎದುರಿನ ಕಲಮಿನಲ್ಲಿ ಮಾಸ್ಟ್ರ ದುಂಡನೆಯ ಅಕ್ಷರದಲ್ಲಿ ಹೀಗಿದೆ: 'ತಲುಪಿಲ್ಲ. ನಮ್ಮ ತಪ್ಪು.'